ಹಾಜರಿ ಉಂಟು, ಮತ ಎಲ್ಲಿ?

ಲೋಕಸಭಾ ಚುನಾವಣೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ, ಟಿ.ವಿ.ಗಳಲ್ಲಿ ರಾಜ್ಯದ 28 ಸಂಸದರ ‘ರಿಪೋರ್ಟ್ ಕಾರ್ಡ್’ ಹಾಜರಾಗುತ್ತದೆ. ಸದನಕ್ಕೆ ಬಂದದ್ದು ಶೇಕಡಾ ಎಷ್ಟು, ಕೇಳಿದ ಪ್ರಶ್ನೆ ಎಷ್ಟು, ಚರ್ಚೆಯಲ್ಲಿ ಮಾತಾಡಿದ್ದು ಎಷ್ಟು ಸಲ, ಸಂಸದರ ನಿಧಿಯಲ್ಲಿ ಖರ್ಚಾಗದೆ ಉಳಿದದ್ದು ಎಷ್ಟು. ಎಲ್ಲಕ್ಕೂ ಅಂಕಿ ಉಂಟು, ಪಕ್ಕದಲ್ಲಿ ನಗುಮುಖದ ಫೋಟೊ ಉಂಟು. ಒಂದು ಕಾಲಂ ಮಾತ್ರ ಇರುವುದಿಲ್ಲ. ಐದು ವರ್ಷದಲ್ಲಿ ಈ ಮನುಷ್ಯ ಯಾವ ಮಸೂದೆಗೆ ಹೂಂ ಅಂದರು, ಯಾವುದಕ್ಕೆ ಊಹೂಂ ಅಂದರು? ಕಾನೂನು ಮಾಡಲೆಂದು ದೆಹಲಿಗೆ ಕಳಿಸಿದವರ ವಿಷಯದಲ್ಲಿ ಕಾನೂನೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ತಿಳಿಯುತ್ತದೆ.

ಇರುವ ಕಾಲಂಗಳೂ ಅಷ್ಟಕ್ಕಷ್ಟೇ. ಹಾಜರಿ ಎಂದರೆ ಬಹುಕಾಲ ಸಹಿಯಷ್ಟೇ ಆಗಿತ್ತು. ಸಹಿ ಹಾಕಿದವರು ಆಮೇಲೆ ಸದನದಲ್ಲಿ ಕೂತರೋ ಸೆಂಟ್ರಲ್ ಹಾಲ್‌ನಲ್ಲಿ ಕಾಫಿ ಕುಡಿದರೋ ಅದು ಹೇಳುತ್ತಿರಲಿಲ್ಲ. ಮಂತ್ರಿಗಳ ಹಾಜರಿ ದಾಖಲಾಗುವುದೇ ಇಲ್ಲ, ಹಾಗಾಗಿ ಅತ್ಯಂತ ಪ್ರಭಾವಿ ಸಂಸದರ ಸಾಲು ಖಾಲಿ. ಪ್ರಶ್ನೆಗಳ ಲೆಕ್ಕವಂತೂ ಇನ್ನೂ ವಿಚಿತ್ರ. ಲಿಖಿತ ಉತ್ತರ ಬೇಡುವ ಪ್ರಶ್ನೆಯನ್ನು ಆಪ್ತ ಸಿಬ್ಬಂದಿ ಬರೆದುಕೊಟ್ಟರೂ ನಡೆಯುತ್ತದೆ. ನೂರು ಪ್ರಶ್ನೆ ಕೇಳಿ ನೂರಕ್ಕೂ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಪಡೆದವರು ಕಾರ್ಡಿನಲ್ಲಿ ಮೊದಲ ರ‍್ಯಾಂಕ್ ಪಡೆಯಬಹುದು.

ಅಮೆರಿಕದಲ್ಲಿ ಅಳತೆಗೋಲೇ ಬೇರೆ, ಅದು ಮತ. 2017ರ ಜುಲೈ 28ರ ನಸುಕಿನಲ್ಲಿ ಸೆನೆಟ್‌ಗೆ ಬಂದ ರಿಪಬ್ಲಿಕನ್ ಸದಸ್ಯ ಜಾನ್ ಮೆಕೇನ್ ತೋಳು ಮುಂದೆ ಚಾಚಿ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಿದರು. ಒಬಾಮಾ ಕಾಲದ ಆರೋಗ್ಯ ಕಾನೂನನ್ನು ಕಿತ್ತುಹಾಕಲು ಅವರದೇ ಪಕ್ಷ ವರ್ಷಗಟ್ಟಲೆ ಕಾದಿತ್ತು. ಮಸೂದೆ 49–51ರಲ್ಲಿ ಬಿತ್ತು. ಆ ಬೆರಳು ಎಲ್ಲರಿಗೂ ನೆನಪಿದೆ. ಆದರೆ ವಿಮರ್ಶಕನಿಗೆ ಬೇಕಾದ ಸರಕು ಇರುವುದು ಅದರ ಹಿಂದುಮುಂದಿನ ಮತಗಳಲ್ಲಿ. ಬುಷ್ ಸರ್ಕಾರದ 2001 ಮತ್ತು 2003ರ ತೆರಿಗೆ ಕಡಿತ ಎರಡಕ್ಕೂ ಬೇಡ ಎಂದಿದ್ದ ಮೆಕೇನ್, 2017ರ ಡಿಸೆಂಬರ್‌ನಲ್ಲಿ ಟ್ರಂಪ್ ಅವರ ತೆರಿಗೆ ಕಡಿತ ಸೆನೆಟ್‌ಗೆ ಬಂದಾಗ ಹೌದು ಎಂದರು. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆಗೆ 1983ರಲ್ಲಿ ವಿರೋಧವಾಗಿ ಮತ ಹಾಕಿ, ಮುಂದೆ ಅದು ತಪ್ಪಾಯಿತು ಎಂದೂ ಹೇಳಿದರು. ಅವರ ‘ಬಂಡಾಯಗಾರ’ ಎಂಬ ಬಿರುದು ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎಂದು ತಟ್ಟಿ ನೋಡಲು ಮತದಾರನ ಕೈಯಲ್ಲಿ ದಾಖಲೆ ಇದೆ. ಬೆಳಗಾವಿಯಲ್ಲಿ ಬೆಳೆದು ಈಗ ಡೆಟ್ರಾಯಿಟ್‌ನ ಪ್ರತಿನಿಧಿಯಾಗಿರುವ ಶ್ರೀ ಥಾಣೇದಾರ್ ಅವರ ಮತಗಳನ್ನು ಬೆಳಗಾವಿಯಲ್ಲಿ ಕೂತೇ ಒಂದೊಂದಾಗಿ ನೋಡಬಹುದು. ಬೆಳಗಾವಿಯ ಸ್ವಂತ ಸಂಸದರ ಮತ ನೋಡುವುದು ಅಷ್ಟು ಸುಲಭವಲ್ಲ.

ಏಕೆಂದರೆ ನಮ್ಮಲ್ಲಿ ಬಹುಪಾಲು ಮಸೂದೆಗಳು ಕೂಗಿನಲ್ಲೇ ಪಾಸಾಗುತ್ತವೆ. ಸ್ಪೀಕರ್, ‘ಪರವಾಗಿರುವವರು ಹೌದೆನ್ನಿ’ ಎನ್ನುತ್ತಾರೆ, ಒಂದು ಗದ್ದಲ ಏಳುತ್ತದೆ. ‘ವಿರೋಧವಿರುವವರು ಇಲ್ಲವೆನ್ನಿ’ ಎನ್ನುತ್ತಾರೆ, ಇನ್ನೊಂದು ಗದ್ದಲ. ಯಾವ ಗದ್ದಲ ದೊಡ್ಡದೆಂದು ಪೀಠಕ್ಕೆ ಕೇಳಿಸಿತೋ ಅದೇ ತೀರ್ಪು. ಇದೇ ಧ್ವನಿಮತ. ಇದರಲ್ಲಿ ಹೆಸರಿಲ್ಲ, ಸಂಖ್ಯೆಯೂ ಇಲ್ಲ. ಯಾರಾದರೂ ಆಕ್ಷೇಪಿಸಿ ಮತ ವಿಭಜನೆ ಕೇಳಿದರೆ ಮಾತ್ರ ಗಂಟೆ ಮೊಳಗುತ್ತದೆ, ಲಾಬಿ ಖಾಲಿಯಾಗುತ್ತದೆ, ಬಾಗಿಲು ಮುಚ್ಚುತ್ತದೆ. ಆಮೇಲೆ ಸದಸ್ಯರು ಎರಡೂ ಕೈಗೆ ಕೆಲಸ ಕೊಡಬೇಕು: ಒಂದರಲ್ಲಿ ಮತದ ಗುಂಡಿ, ಇನ್ನೊಂದರಲ್ಲಿ ಹಸಿರು, ಕೆಂಪು ಅಥವಾ ಹಳದಿ ಗುಂಡಿ, ಎರಡನೆಯ ಗಂಟೆಯವರೆಗೆ ಬಿಡದೆ ಒತ್ತಿಹಿಡಿಯಬೇಕು. ಹಳದಿ ಎಂದರೆ ತಟಸ್ಥ. ಒತ್ತುವಾಗ ಎಡವಿದವರಿಗೆ ಚೀಟಿ. 2024ರ ಡಿಸೆಂಬರ್ 17ರಂದು ‘ಒಂದು ದೇಶ, ಒಂದು ಚುನಾವಣೆ’ ಮಸೂದೆಯ ಮಂಡನೆಗೆ ಹೊಸ ಸಂಸತ್ ಭವನದಲ್ಲಿ ಯಂತ್ರದಿಂದ ಮತ ಎಣಿಸಿದಾಗ ಪರದೆಯ ಮೇಲೆ ಮೊದಲು ಬಂದದ್ದು 220–149; ಚೀಟಿಗಳೆಲ್ಲ ಸೇರಿ ಕೊನೆಗೆ ಆದದ್ದು 269–198. ಇಷ್ಟು ಎಡವಟ್ಟಾದರೂ ಅಲ್ಲಿ ಯಾರು ಯಾವ ಕಡೆ ಎಂಬುದಾದರೂ ಉಳಿಯಿತು.

ಇನ್ನೊಂದು ತಮಾಷೆ ನೋಡಿ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ತಲೆ ಎಣಿಸಲೇಬೇಕು. ಹಾಗಾಗಿ ಹೆಸರು ಸಮೇತ ದಾಖಲಾಗುವ ಮತಗಳಲ್ಲಿ ಬಹಳಷ್ಟು ಎಲ್ಲರೂ ಒಂದೇ ಕಡೆ ನಿಂತವು. ಜಿಎಸ್‌ಟಿ ತಿದ್ದುಪಡಿಗೆ 2016ರಲ್ಲಿ ರಾಜ್ಯಸಭೆಯಲ್ಲಿ 203–0, ಲೋಕಸಭೆಯಲ್ಲಿ 443–0. ಮಹಿಳಾ ಮೀಸಲಾತಿಗೆ 2023ರಲ್ಲಿ ಲೋಕಸಭೆಯಲ್ಲಿ 454–2. ಬಡವರಿಗೆ ಶೇ 10 ಮೀಸಲಾತಿಗೆ 2019ರಲ್ಲಿ 323–3. ನ್ಯಾಯಮೂರ್ತಿಗಳ ನೇಮಕಾತಿ ಆಯೋಗಕ್ಕೆ 2014ರಲ್ಲಿ ಲೋಕಸಭೆ 367–0 ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರ ಎಂದು ಎತ್ತಿ ಒಗೆಯಿತು. ಮುನ್ನೂರ ಅರವತ್ತೇಳು ಜನರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ರಾಜ್ಯಸಭೆಯಲ್ಲಿ ರಾಮ್ ಜೇಠ್ಮಲಾನಿ ಒಬ್ಬರು ತಟಸ್ಥರಾಗಿ ಉಳಿದರು.

ಭಿನ್ನಾಭಿಪ್ರಾಯ ನಿಜವಾಗಿ ಇದ್ದ ಕಡೆ ಗುಂಡಿಗೆ ಕೆಲಸವೇ ಬರಲಿಲ್ಲ. ಮೂರು ಕೃಷಿ ಕಾನೂನುಗಳನ್ನೇ ತೆಗೆದುಕೊಳ್ಳಿ. ಲೋಕಸಭೆಯಲ್ಲಿ ಧ್ವನಿಮತ. 2020ರ ಸೆಪ್ಟೆಂಬರ್ 20ರ ಭಾನುವಾರ ರಾಜ್ಯಸಭೆಯಲ್ಲಿ ಮೊದಲ ಎರಡು ಮಸೂದೆಗಳು ಬಂದಾಗ ವಿರೋಧ ಪಕ್ಷಗಳು ಮತ ವಿಭಜನೆ ಕೇಳಿದವು. ಸದಸ್ಯರು ತಮ್ಮ ಜಾಗದಲ್ಲಿ ಇಲ್ಲ ಎಂಬ ಕಾರಣ ಕೊಟ್ಟು ಉಪಸಭಾಪತಿ ಹರಿವಂಶ್ ಧ್ವನಿಮತದಲ್ಲೇ ಮುಗಿಸಿದರು. ಮಾರನೇ ದಿನ ಎಂಟು ಸದಸ್ಯರು ಅಮಾನತಾದರು, ಅವರಲ್ಲಿ ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಕೂಡ ಒಬ್ಬರು. ‘ಮಣ್ಣಿನ ಮಗ’ ಎನಿಸಿಕೊಂಡ ಎಚ್.ಡಿ. ದೇವೇಗೌಡರು ರಾಜ್ಯಸಭೆಯ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಆ ಭಾನುವಾರವೇ. ದೇಶದ ರೈತರು ಒಂದು ವರ್ಷ ರಸ್ತೆಯಲ್ಲಿ ಕೂರಲು ಕಾರಣವಾದ ಕಾನೂನಿಗೆ ಕರ್ನಾಟಕದ ಒಬ್ಬ ಸಂಸದರ ಮತವೂ ಹೆಸರು ಹಿಡಿದು ದಾಖಲಾಗಿಲ್ಲ. 2021ರ ನವೆಂಬರ್ 29ರಂದು ಅವೇ ಕಾನೂನುಗಳನ್ನು ವಾಪಸ್ ಪಡೆದದ್ದೂ ಧ್ವನಿಮತದಲ್ಲೇ, ಅದೂ ಚರ್ಚೆಯಿಲ್ಲದೆ. ಗದ್ದಲದಲ್ಲಿ ಬಂದವು, ಗದ್ದಲದಲ್ಲೇ ಹೋದವು.

ಎಣಿಸಿದರೆ ಏನಾಗುತ್ತದೆ ಎಂಬುದನ್ನು 2020ರಲ್ಲೇ ಬೆಂಗಳೂರಿನಲ್ಲಿ ಕಂಡದ್ದಾಯಿತು. ಭೂಸುಧಾರಣಾ ತಿದ್ದುಪಡಿ ಮಸೂದೆ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ 37–21ರಿಂದ ಪಾಸಾಯಿತು. ಜೆಡಿಎಸ್ ಸದಸ್ಯರು ಬಿಜೆಪಿ ಜೊತೆ ನಿಂತದ್ದು ಲೆಕ್ಕದಲ್ಲಿ ಎದ್ದು ಕಂಡಿತು. ರೈತ ಸಂಘಟನೆಗಳು ಆ ಪಕ್ಷವನ್ನು ಬೀದಿಯಲ್ಲೇ ತರಾಟೆಗೆ ತೆಗೆದುಕೊಂಡವು. ಧ್ವನಿಮತವಾಗಿದ್ದರೆ ಆ ಜಗಳಕ್ಕೆ ಆಧಾರವೇ ಇರುತ್ತಿರಲಿಲ್ಲ. ಎಣಿಸದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಉಂಟು: 2018ರ ಮಾರ್ಚ್‌ನಲ್ಲಿ ಲೋಕಸಭೆ ಹಣಕಾಸು ಮಸೂದೆಯನ್ನು ಚರ್ಚೆಯಿಲ್ಲದೆ ದಾಟಿಸಿದಾಗ, ಪಕ್ಷಗಳು ಪಡೆದ ವಿದೇಶಿ ದೇಣಿಗೆಯ ನಿಯಮವನ್ನು 1976ರಿಂದಲೇ ಪೂರ್ವಾನ್ವಯವಾಗಿ ಸಡಿಲಿಸುವ ಕಲಮೂ ಅದರೊಳಗೆ ಕೂತು ಪಾರಾಯಿತು. ದೆಹಲಿ ಹೈಕೋರ್ಟ್ 2014ರಲ್ಲಿ ಬಿಜೆಪಿ, ಕಾಂಗ್ರೆಸ್ ಎರಡೂ ಈ ನಿಯಮ ಮುರಿದಿವೆ ಎಂದಿತ್ತು. ಆ ಕಲಮಿಗೆ ಯಾರು ಹೌದೆಂದರು ಎಂದು ಇಂದು ಹುಡುಕಿದರೆ ಒಂದು ಹೆಸರೂ ಸಿಗದು.

ಸರಿ, ಪ್ರತಿ ಮಸೂದೆಗೂ ಗುಂಡಿ ಒತ್ತಿಸಿದರೆ ಸಾಕೇ? ಸಾಲದು. ಒತ್ತುವ ಬೆರಳು ಯಾರದ್ದು ಎಂಬ ಪ್ರಶ್ನೆ ಉಳಿಯುತ್ತದೆ. ವಕ್ಫ್ ತಿದ್ದುಪಡಿ ಮಸೂದೆಗೆ 2025ರ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ 288–232 ಮತ ಬಂದವು. ಹೆಸರುಗಳ ಪಟ್ಟಿ ಇಟ್ಟುಕೊಂಡು ಕೂತರೆ ತಿಳಿಯುವುದು ಯಾವ ಸಂಸದ ಯಾವ ಪಕ್ಷದವರು ಎಂಬುದಷ್ಟೇ. 1985ರಲ್ಲಿ 52ನೇ ತಿದ್ದುಪಡಿ ತಂದ ಹತ್ತನೇ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ, ಪ್ರಕಾರ ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಸುಮ್ಮನೆ ಗೈರಾದರೂ ಸರಿ, ಹದಿನೈದು ದಿನದೊಳಗೆ ಪಕ್ಷ ಮನ್ನಿಸದಿದ್ದರೆ ಸ್ಥಾನಕ್ಕೇ ಸಂಚಕಾರ. ಸರ್ಕಾರ ಬೀಳಿಸುವ ಮತಕ್ಕೂ ಸಾಮಾನ್ಯ ಮಸೂದೆಯ ಮತಕ್ಕೂ ಒಂದೇ ಶಿಕ್ಷೆ.

ಕನ್ನಡಿಗರಿಗೆ ನೆನಪಿರುವ ಒಂದೇ ಒಂದು ಬಂಡಾಯದ ಮತ ಬಹುಶಃ ಎಚ್.ಟಿ. ಸಾಂಗ್ಲಿಯಾನ ಅವರದು. ಶಂಕರ್ ನಾಗ್ ಸಿನಿಮಾದಿಂದ ಮನೆಮಾತಾದ ಹೆಸರಿನ ಈ ಪೊಲೀಸ್ ಅಧಿಕಾರಿ 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿ ಬಿಜೆಪಿ ಸಂಸದರಾದವರು. 2008ರ ಜುಲೈ 22ರಂದು ಅಮೆರಿಕದ ಜೊತೆಗಿನ ಅಣು ಒಪ್ಪಂದದ ನೆಪದಲ್ಲಿ ಬಂದ ವಿಶ್ವಾಸಮತದಲ್ಲಿ ಅವರು ಮನಮೋಹನ್ ಸಿಂಗ್ ಸರ್ಕಾರದ ಪರ ನಿಂತರು. ಸರ್ಕಾರ 275–256ರಿಂದ ಉಳಿಯಿತು. ಸಾಂಗ್ಲಿಯಾನ ಮೊದಲು ಪಕ್ಷದಿಂದ ಹೋದರು, ಆಮೇಲೆ ಸ್ಪೀಕರ್ ಸೋಮನಾಥ ಚಟರ್ಜಿ ಅವರ ಆದೇಶದಿಂದ ಸಂಸದ ಸ್ಥಾನವೂ ಹೋಯಿತು. ಅದೇ ಮತದ ವೇಳೆ ಸ್ಪೀಕರ್ ಹುದ್ದೆ ಬಿಡದ ತಪ್ಪಿಗೆ ಚಟರ್ಜಿಯವರನ್ನು ಸಿಪಿಎಂ ಉಚ್ಚಾಟಿಸಿತ್ತು ಎಂಬುದು ಬೇರೆ ಮಾತು. 2009ರಲ್ಲಿ ಕಾಂಗ್ರೆಸ್ ಟಿಕೆಟ್‌ನಲ್ಲಿ ಬೆಂಗಳೂರು ಕೇಂದ್ರದಿಂದ ನಿಂತ ಸಾಂಗ್ಲಿಯಾನ ಸೋತರು. ಅವರ ಮತ ಸರಿಯೋ ತಪ್ಪೋ, ಅದರ ಮೇಲೆ ತೀರ್ಪು ಕೊಡುವ ಅವಕಾಶವಾದರೂ ಮತದಾರರಿಗೆ ಸಿಕ್ಕಿತು. ಉಳಿದ ಬಹುತೇಕ ಸಂಸದರ ವಿಷಯದಲ್ಲಿ ಅದೂ ಇಲ್ಲ.

ಪಕ್ಷಾಂತರ ನಿಷೇಧವನ್ನು ಸುಲಭವಾಗಿ ಬೈಯುವ ಹಾಗೂ ಇಲ್ಲ. ಆ ಜುಲೈ 22ರಂದೇ ಬಿಜೆಪಿಯ ಮೂವರು ಸಂಸದರು ಲೋಕಸಭೆಯಲ್ಲಿ ನೋಟಿನ ಕಂತೆ ಎತ್ತಿ ತೋರಿಸಿದ್ದರು. 1993ರ ಜಾರ್ಖಂಡ್ ಮುಕ್ತಿ ಮೋರ್ಚಾ (ಜೆಎಂಎಂ) ಸಂಸದರ ಲಂಚದ ಹಗರಣ ಮರೆಯುವಂಥದ್ದಲ್ಲ. ಆಪರೇಷನ್ ಕಮಲ, ರೆಸಾರ್ಟ್ ವಾಸ ಎಂಬ ಪದಗಳನ್ನು ದೇಶಕ್ಕೆ ಕೊಟ್ಟ ರಾಜ್ಯದವರು ‘ಆತ್ಮಸಾಕ್ಷಿಯ ಮತ’ ಎಂದರೆ ನಗುವುದು ಸಹಜ. ಆದರೆ ಆ ಕಾನೂನು ತಡೆದದ್ದಾದರೂ ಏನನ್ನು? 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಅವರು ಉಪಚುನಾವಣೆಗೆ ನಿಲ್ಲಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಲವರು ಗೆದ್ದು ಮಂತ್ರಿಗಳೂ ಆದರು. ಮಾರಾಟಕ್ಕೆ ಹೊರಟವರಿಗೆ ರಾಜೀನಾಮೆಯ ದಾರಿ ತೆರೆದೇ ಇದೆ. ಪಕ್ಷ ಬಿಡದೆ ಒಂದು ಮಸೂದೆಗೆ ಮಾತ್ರ ಬೇಡ ಎನ್ನಬಯಸುವವರಿಗೆ ದಾರಿಯೇ ಇಲ್ಲ.

ಬ್ರಿಟನ್ನಿನಲ್ಲಿ ಇರಾಕ್ ಯುದ್ಧಕ್ಕೆ ಒಪ್ಪಿಗೆ ಕೇಳಿದ 2003ರ ಮಾರ್ಚ್‌ನಲ್ಲಿ ಆಳುವ ಲೇಬರ್ ಪಕ್ಷದ 139 ಸಂಸದರು ತಮ್ಮ ಪ್ರಧಾನಿಗೇ ತಿರುಗಿಬಿದ್ದರು. ಆ ಮತಕ್ಕಾಗಿ ಒಬ್ಬರ ಸಂಸದ ಸ್ಥಾನವೂ ಹೋಗಲಿಲ್ಲ. ನಮ್ಮಲ್ಲೂ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ವಿಪ್ ಮೀರಿದ್ದಕ್ಕೆ ಬೀಸುವ ಅನರ್ಹತೆಯ ಕತ್ತಿಯನ್ನು ವಿಶ್ವಾಸ, ಅವಿಶ್ವಾಸ ಮತಗಳಿಗೆ ಮಾತ್ರ ಇಟ್ಟುಕೊಳ್ಳಿ ಎಂದಿತ್ತು. ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಅದಕ್ಕೆ ಹತ್ತಿರದ ಖಾಸಗಿ ಮಸೂದೆ ಮಂಡಿಸಿದ್ದಾರೆ. 1970ರ ನಂತರ ಒಂದೂ ಖಾಸಗಿ ಮಸೂದೆ ಎರಡೂ ಸದನ ದಾಟಿಲ್ಲವಾದ್ದರಿಂದ ಅದರ ಭವಿಷ್ಯ ಊಹಿಸಲು ಜ್ಯೋತಿಷಿ ಬೇಡ. ಸಾಂಗ್ಲಿಯಾನ ಅವರಿಗೆ ಗೋಸ್ವಾಮಿ ಸಲಹೆಯೂ ನೆರವಾಗುತ್ತಿರಲಿಲ್ಲ, ಅವರು ಮೀರಿದ್ದು ವಿಶ್ವಾಸಮತದ ವಿಪ್. ಕೃಷಿ ಮಸೂದೆಯ ದಿನ ಒಳಗೊಳಗೇ ಇರಿಸುಮುರಿಸು ಪಟ್ಟ ಸಂಸದರು ಯಾವ ಪಕ್ಷದಲ್ಲಿ ಇದ್ದರೂ, ಅವರಿಗೆ ಮಾತ್ರ ಖಂಡಿತ ನೆರವಾಗುತ್ತಿತ್ತು.

ಇಂದಿನ ಸ್ಥಿತಿಯಲ್ಲಿ ಸಂಸದರ ನಿಲುವು ಹುಡುಕಬೇಕಾದವರು ಸದನಕ್ಕಿಂತ ಸಮಿತಿಯ ಕಡೆ ನೋಡುವುದು ಮೇಲು. ವಕ್ಫ್ ಮಸೂದೆಯ ಜಂಟಿ ಸಂಸದೀಯ ಸಮಿತಿಯಲ್ಲಿ ಕರ್ನಾಟಕದ ತೇಜಸ್ವಿ ಸೂರ್ಯ ಇದ್ದರು, ನಾಸಿರ್ ಹುಸೇನ್ ಕೂಡ ಇದ್ದರು. ತಿದ್ದುಪಡಿಗಳು ಅಲ್ಲಿ ತೀರ್ಮಾನವಾದದ್ದು 16–10ರ ಲೆಕ್ಕದಲ್ಲಿ. ವಿರೋಧ ಸದಸ್ಯರು ಬರೆದುಕೊಟ್ಟ ಭಿನ್ನಮತದ ಟಿಪ್ಪಣಿಗಳಲ್ಲಿ ಕೆಲವು ಭಾಗಗಳಿಗೆ ಕತ್ತರಿ ಬಿತ್ತು. ತಮ್ಮ ಟಿಪ್ಪಣಿಗೂ ಬಿದ್ದಿದೆ ಎಂದು ನಾಸಿರ್ ಹುಸೇನ್ ಬಹಿರಂಗವಾಗಿ ತಕರಾರು ತೆಗೆದರು. ಗಲಾಟೆಯಾದ ಮೇಲೆ, 2025ರ ಫೆಬ್ರವರಿಯಲ್ಲಿ, ಬಿಟ್ಟ ಭಾಗಗಳು ಅನುಬಂಧವಾಗಿ ವರದಿಗೆ ಸೇರಿದವು. ಟಿಪ್ಪಣಿಯ ವಾದವನ್ನು ಒಪ್ಪಬೇಕೆಂದೇನಿಲ್ಲ. ಆದರೆ ಒಬ್ಬ ಸಂಸದ ಒಂದು ಮಸೂದೆಯ ಯಾವ ಕಲಮನ್ನು ಏಕೆ ಒಪ್ಪಲಿಲ್ಲ ಎಂದು ಕಾರಣ ಸಮೇತ, ಸಹಿ ಸಮೇತ ಅಲ್ಲಿ ಓದಲು ಸಿಗುತ್ತದೆ.