ಹಳೆಯ ಕೊಡೆಯ ಪತ್ತೇದಾರ

ಪತ್ತೇದಾರಿ ಕಥೆಗಳನ್ನು ಓದುವುದು ಕಾಲಹರಣವೆಂದು ನಮ್ಮಲ್ಲಿ ಅನೇಕರು ಬಗೆಯುತ್ತಾರೆ. ಹಾಗೆ ಬಗೆಯುವವರೇ ರಾತ್ರಿ ದೀಪವಾರಿಸುವ ಮುನ್ನ ಇನ್ನೊಂದು ಅಧ್ಯಾಯ ಮುಗಿಸಿಬಿಡೋಣವೆಂದು ಪುಟ ತಿರುವುವುದೂ ಉಂಟು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿದ ಓದುಗರೇ, ನಿಮ್ಮನ್ನೊಂದು ಮಾತು ಕೇಳುತ್ತೇನೆ. ಅಪರಾಧಿ ಕೊನೆಗೆ ಸಿಕ್ಕಿಬೀಳುವನೆಂಬುದು ಮೊದಲೇ ತಿಳಿದಿದ್ದರೂ ಅದೇ ನಾಯಕನ ಮುಂದಿನ ಕಥೆಗಾಗಿ ನಾವು ಕಾಯುವುದೇಕೆ?

ಕೇಡು ತುಂಬಿದ ಕಥಾಲೋಕದಲ್ಲಿ ಪರಿಚಿತ ಮುಖವೊಂದು ಬೇಕೆನಿಸುತ್ತದೆ ಎನ್ನುವುದು ಸುಲಭದ ಉತ್ತರ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಕೊಂದರೂ ಮುಂದೆ ಅವನನ್ನು ಬದುಕಿಸಲೇಬೇಕಾಯಿತು. ಹೋಮ್ಸನ ಪೈಪು, ಪಿಟೀಲು, ಬೇಕರ್ ಬೀದಿಯ ಕೋಣೆ ಇವೆಲ್ಲ ನಮಗೆ ನೆಂಟರ ಮನೆಯಷ್ಟೇ ಪರಿಚಿತ. ಆದರೆ ಈ ಉತ್ತರ ಸಾಲದೆಂದು ತೋರಿಸುವ ಪತ್ತೇದಾರನೊಬ್ಬನಿದ್ದಾನೆ. ಜಿ. ಕೆ. ಚೆಸ್ಟರ್ಟನ್ ಸೃಷ್ಟಿಸಿದ ಫಾದರ್ ಬ್ರೌನ್ 1910ರಲ್ಲಿ ‘ನೀಲಿ ಶಿಲುಬೆ’ ಎಂಬ ಕಥೆಯಲ್ಲಿ ಮೊದಲು ಕಾಣಿಸಿಕೊಂಡರು. 1911ರಿಂದ 1935ರವರೆಗೆ ಐದು ಸಂಕಲನಗಳು ಬಂದವು. ಇಷ್ಟಾದರೂ ಅವರ ಬಾಲ್ಯ, ಮನೆತನ, ದಿನಚರಿ ಯಾವುದೂ ನಮಗೆ ನೆಟ್ಟಗೆ ತಿಳಿಯದು. ಕುಳ್ಳು ದೇಹ, ದುಂಡು ಮುಖ, ಪದೇ ಪದೇ ನೆಲಕ್ಕೆ ಬೀಳುವ ಹಳೆಯ ಕೊಡೆ, ಇಷ್ಟೇ ನಮಗೆ ದಕ್ಕುವುದು. ಮರಳಿ ಬರುವುದು ಅವರ ಅಭ್ಯಾಸಗಳಲ್ಲ, ಅವರು ಮನುಷ್ಯನನ್ನು ನೋಡುವ ಬಗೆ.

ಆ ನೋಟ ಎಲ್ಲಿಂದ ಬಂತೆಂಬುದನ್ನು ಚೆಸ್ಟರ್ಟನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಯಾರ್ಕ್‌ಷೈರಿನಲ್ಲಿ ಜಾನ್ ಓಕಾನರ್ ಎಂಬ ಕಥೋಲಿಕ ಗುರುಗಳೊಡನೆ ನಡೆದು ಹೋಗುವಾಗ ಪಾಪಕೃತ್ಯಗಳ ಬಗ್ಗೆ ಆ ಗುರುಗಳಿಗಿದ್ದ ಅರಿವು ಕಂಡು ಲೇಖಕರು ಬೆರಗಾದರು. ತರುವಾಯ ಒಂದು ಮನೆಯಲ್ಲಿ ಕೇಂಬ್ರಿಜಿನ ಇಬ್ಬರು ವಿದ್ಯಾರ್ಥಿಗಳು ಓಕಾನರರೊಡನೆ ಸೊಗಸಾಗಿ ಮಾತನಾಡಿದರು. ಅವರು ಎದ್ದು ಹೋದ ಮೇಲೆ, ಹೀಗೆ ಲೋಕದಿಂದ ದೂರವಿರುವವರಿಗೆ ನಿಜವಾದ ಕೇಡೇನು ತಿಳಿದೀತು ಎಂದು ಆಡಿಕೊಂಡರಂತೆ! ದಿನವೂ ಪಾಪನಿವೇದನೆ ಕೇಳುವವರಿಗಿಂತ ಹೆಚ್ಚಾಗಿ ಕೇಡನ್ನು ಬಲ್ಲವರು ಯಾರು? ಈ ವಿಪರ್ಯಾಸವೇ ಫಾದರ್ ಬ್ರೌನರ ಹುಟ್ಟಿಗೆ ಕಾರಣವಾಯಿತು. ಚೆಸ್ಟರ್ಟನ್ ಕಥೋಲಿಕ ಸಭೆಯನ್ನು ಸೇರಿದ್ದು 1922ರಲ್ಲಿ, ಆ ಓಕಾನರರ ಕೈಯಿಂದಲೇ. ಅಂದರೆ ಮೊದಲೆರಡು ಸಂಕಲನಗಳನ್ನು ಬರೆದಾಗ ಅವರಿನ್ನೂ ಹೊರಗಿನವರು. ಈ ಕಥೆಗಳನ್ನು ಬರಿಯ ಮತಪ್ರಚಾರವೆನ್ನುವ ವಿಮರ್ಶಕರು ಇದನ್ನು ನೆನಪಿಡುವುದು ಒಳಿತು.

‘ದೇವರ ಸುತ್ತಿಗೆ’ ಎಂಬ ಕಥೆಯನ್ನು ನೋಡೋಣ. ಇದು 1911ರ ಮೊದಲ ಸಂಕಲನದಲ್ಲಿದೆ. ಹಳ್ಳಿಯ ಕಮ್ಮಾರಸಾಲೆಯ ಬಳಿ ದುರಾಚಾರಿ ಕರ್ನಲ್ ಒಬ್ಬನ ತಲೆಬುರುಡೆ ಒಡೆದಿದೆ. ಆಯುಧ ಒಂದು ಪುಟ್ಟ ಸುತ್ತಿಗೆ. ಅಷ್ಟು ಚಿಕ್ಕ ಸುತ್ತಿಗೆಗೆ ಅಂಥ ಏಟು ಹೇಗೆ ಸಾಧ್ಯ? ಊರವರ ಸಂಶಯ ಬಲಿಷ್ಠ ಕಮ್ಮಾರನ ಮೇಲೆ, ಆಮೇಲೆ ಬುದ್ಧಿಮಾಂದ್ಯನಾದ ಹುಡುಗನ ಮೇಲೆ ಸುಳಿಯುತ್ತದೆ. ಕೊಂದವನು ಕರ್ನಲನ ತಮ್ಮ, ಆ ಊರಿನ ಭಕ್ತ ಉಪಬೋಧಕ. ಚರ್ಚಿನ ಗೋಪುರದ ಎತ್ತರದಲ್ಲಿ ಏಕಾಂತವಾಗಿ ಪ್ರಾರ್ಥಿಸುತ್ತಾ ಪ್ರಾರ್ಥಿಸುತ್ತಾ ಕೆಳಗಿನ ಜನರು ಅವನ ಕಣ್ಣಿಗೆ ಹುಳುಗಳಂತೆ ಕಾಣತೊಡಗಿದ್ದರು. ಕೆಳಗೆ ನಡೆದಾಡುತ್ತಿದ್ದ ಅಣ್ಣನೂ ಒಂದು ಹುಳುವೇ. ಸುತ್ತಿಗೆಯನ್ನು ಬಿಟ್ಟನು, ಎತ್ತರವೇ ಏಟಿಗೆ ಬಲ ಕೊಟ್ಟಿತು. ಒಗಟಿನ ಯಾಂತ್ರಿಕ ಉತ್ತರವೂ ಆತ್ಮದ ರೋಗದ ಉತ್ತರವೂ ಒಂದೇ ಆಗಿರುವುದು ಈ ಕಥೆಯ ಹಿರಿಮೆ. ಇಂಥದ್ದು ಪತ್ತೇದಾರಿ ಸಾಹಿತ್ಯದಲ್ಲಿ ಅಪರೂಪ.

ಅದಕ್ಕಿಂತ ಮಿಗಿಲಾದುದು ಮುಂದಿದೆ. ಗೋಪುರದಿಂದ ಧುಮುಕಲು ಹೊರಟವನನ್ನು ಫಾದರ್ ಬ್ರೌನ್ ಹಿಡಿದು ನಿಲ್ಲಿಸುತ್ತಾರೆ. ಇದೆಲ್ಲ ನಿಮಗೆ ಹೇಗೆ ತಿಳಿಯಿತು, ನೀವೇನು ಸೈತಾನನೇ ಎಂದು ಆತ ಕೇಳಿದರೆ, ತಾನೂ ಮನುಷ್ಯನಾದ್ದರಿಂದ ಎಲ್ಲ ದುಷ್ಟತನವೂ ತನ್ನೊಳಗಿದೆ ಎಂಬರ್ಥದ ಉತ್ತರ ಕೊಡುತ್ತಾರೆ. ಪೊಲೀಸರಿಗೆ ಹೇಳುವುದಿಲ್ಲ, ಮುಂದಿನ ಹೆಜ್ಜೆಯನ್ನು ಅವನಿಗೇ ಬಿಡುತ್ತಾರೆ. ಅವನು ತಾನೇ ಇಳಿದು ಹೋಗಿ ತಪ್ಪೊಪ್ಪಿಕೊಳ್ಳುತ್ತಾನೆ. 1927ರ ಸಂಕಲನದಲ್ಲಿ ಈ ವಿಧಾನವನ್ನು ಅವರೇ ವಿವರಿಸುತ್ತಾರೆ: ಅಪರಾಧಿಯನ್ನು ಹೊರಗಿನಿಂದ ಅಳೆಯದೆ, ತನ್ನ ಮನಸ್ಸೇ ಕೊಲೆಗಾರನ ಮನಸ್ಸಾಗುವವರೆಗೆ ಅವನೊಳಗೆ ಇಳಿಯುವುದು. ಕೊನೆಯ ಕೃತ್ಯವೊಂದನ್ನುಳಿದು ಎಲ್ಲ ಕೊಲೆಗಳನ್ನೂ ಅವರು ತಮ್ಮೊಳಗೆ ಮಾಡಿದ್ದಾರೆ. ಹೋಮ್ಸನನ್ನು ನಾವು ಮೆಚ್ಚುವಾಗ ಅವನ ಪಕ್ಕದಲ್ಲಿ ನಿಂತು ಅಪರಾಧಿಯನ್ನು ನೋಡುತ್ತೇವೆ. ಇಲ್ಲಿಯಾದರೋ, ಓದುಗರೇ, ನಾವು ನಿಲ್ಲುವುದು ಅಪರಾಧಿಯ ಪಕ್ಕದಲ್ಲಿ. ಫ್ಲಾಂಬೋ ಎಂಬ ಮಹಾಕಳ್ಳನು ಕದ್ದ ವಜ್ರಗಳನ್ನು ಮರದ ಮೇಲಿನಿಂದ ಹಿಂದಕ್ಕೆಸೆದು, ಮುಂದೆ ಇದೇ ಗುರುಗಳ ಸ್ನೇಹಿತನಾಗುವುದು ಈ ಕಾರಣದಿಂದಲೇ ನಂಬುವಂತಿದೆ.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಕೊನೆಯ ಸಂಕಲನಗಳಲ್ಲಿ ಒಗಟುಗಳು ಜಾಳಾಗಿವೆ; ಅದನ್ನು ಕ್ಷಮಿಸಬಹುದು. ‘ತಪ್ಪು ಆಕಾರ’ ಎಂಬ ಕಥೆಯನ್ನು ಭಾರತೀಯರು ಸುಲಭವಾಗಿ ಕ್ಷಮಿಸಲಾರರು. ಅಲ್ಲಿ ಪೂರ್ವದೇಶದ ಕಲೆಯ ಆಕಾರಗಳಲ್ಲೇ ಕೇಡಿದೆಯೆಂದು ನಮ್ಮ ನೆಚ್ಚಿನ ಗುರುಗಳು ಮಾತನಾಡುತ್ತಾರೆ. ಭಾರತದಿಂದ ಬಂದ ಸಾಧಕನೊಬ್ಬ ಕಥೆಯುದ್ದಕ್ಕೂ ನೆರಳಿನಂತೆ, ಬೆದರಿಕೆಯಂತೆ ಸುಳಿಯುತ್ತಾನೆ. ಕೊಲೆಗಾರ ಆತನಲ್ಲ, ಇಂಗ್ಲಿಷ್ ವೈದ್ಯ ಎಂಬುದು ನಿಜ. ಆದರೆ ಆ ವೈದ್ಯನ ಒಳಗೆ ಇಳಿದ ಲೇಖನಿ ಭಾರತೀಯನ ಹೊರಗೇ ನಿಂತುಬಿಟ್ಟಿತು. ಗೋಪುರದಿಂದ ಕೆಳಗೆ ನೋಡಬಾರದೆಂದು ಕಲಿಸಿದವರೇ ಇಲ್ಲಿ ಗೋಪುರ ಹತ್ತಿದ್ದಾರೆ. ಲೇಖಕರ ಕಾಲವೇ ಹಾಗಿತ್ತು ಎಂಬ ಸಮಾಧಾನ ನನಗಂತೂ ಸಾಕಾಗಿಲ್ಲ. ಅಳತೆಗೋಲನ್ನು ಅವರೇ ನಮ್ಮ ಕೈಗೆ ಕೊಟ್ಟಿದ್ದಾರಲ್ಲವೇ?

2013ರಲ್ಲಿ ಆರಂಭವಾದ ಬಿಬಿಸಿ ಧಾರಾವಾಹಿಯಿಂದ ಫಾದರ್ ಬ್ರೌನ್ ಹೊಸ ಪೀಳಿಗೆಗೆ ಪರಿಚಿತರಾದರು. ಅದು ಅವರಿಗೆ 1950ರ ದಶಕದ ಒಂದು ಹಳ್ಳಿ, ಒಂದು ಚರ್ಚು, ಸುತ್ತ ಒಂದು ಗೆಳೆಯರ ಬಳಗವನ್ನು ಕೊಟ್ಟಿತು. ಹೋಮ್ಸನಿಗಿದ್ದ ಸೌಕರ್ಯಗಳನ್ನೆಲ್ಲ ಒದಗಿಸಿತೆನ್ನಿ. ನೋಡಲು ಹಿತವಾಗಿದೆ. ಆದರೆ ಎಲ್ಲಿಂದಲೋ ಬಂದು, ಕೊಡೆ ಬೀಳಿಸಿ, ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿ ಕೂರುವ ಆ ಅಪರಿಚಿತ ಅಲ್ಲಿ ಸಿಗುವುದಿಲ್ಲ. ಅವರನ್ನು ಕಾಣಬೇಕಾದರೆ 1911ರ ಪುಸ್ತಕವನ್ನೇ ತೆರೆಯಬೇಕು. ‘ನೀಲಿ ಶಿಲುಬೆ’ಯಿಂದ ಆರಂಭಿಸಿ, ‘ತಪ್ಪು ಆಕಾರ’ ಬಂದಾಗ ಅದನ್ನೂ ಬಿಡದೆ ಓದಿ.