ರಾಣಿ ಎಂಬ ರೂಪಕ: ಕಣಜದ ಗೂಡಿನಲ್ಲಿ ನಾಯಕತ್ವದ ಪ್ರಶ್ನೆ

ಪ್ರಾಣಿಸಮಾಜಗಳ ನಾಯಕತ್ವವನ್ನು ಕುರಿತು ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಮೊದಲ ತೊಡಕು ಜೀವವಿಜ್ಞಾನದ್ದಲ್ಲ, ಪದದ್ದು. 'ರಾಣಿ' ಎಂದೊಡನೆ ಸಿಂಹಾಸನ, ಆಜ್ಞೆ, ಪರಿವಾರಗಳು ತಾವಾಗಿಯೇ ಬಂದು ನಿಲ್ಲುತ್ತವೆ. ಅರಿಸ್ಟಾಟಲನು ಜೇನುಗೂಡಿನ ಪ್ರಮುಖ ಹುಳುವನ್ನು ಅರಸನೆಂದು ಕರೆದಿದ್ದನು. 17ನೆಯ ಶತಮಾನದಲ್ಲಿ ಸ್ವಾಮರ್‌ಡಾಮ್ ಅದರ ಅಂಡಾಶಯವನ್ನು ಛೇದಿಸಿ ತೋರಿಸಿದನು. ಅರಸನು ಅರಸಿಯಾದನು, ಅರಸುತನ ಮಾತ್ರ ಹಾಗೆಯೇ ಉಳಿಯಿತು.

ಈ ಅರಸುತನವನ್ನು ಬುಡಸಮೇತ ಅಲುಗಿಸಿದ ಕೃತಿಗಳಲ್ಲಿ, 'ರೋಪಾಲಿಡಿಯಾ ಮಾರ್ಜಿನಾಟಾ' ಎಂಬ ಕಣಜವನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ 2001ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವೂ ಒಂದು. ನಮ್ಮ ಸೂರಿನಡಿಯಲ್ಲಿ, ಕಿಟಕಿಯ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ಹುಳುವಿದು. ಇದರ ರಾಣಿ ಸೌಮ್ಯೆ. ಬಹುಮಟ್ಟಿಗೆ ಸುಮ್ಮನೆ ಕುಳಿತಿರುವವಳು. ಆಹಾರ ತರುವ ಕೆಲಸವನ್ನು ಆಕೆ ನಡೆಸುವುದಿಲ್ಲ. ಕೆಲಸಗಾರ ಹುಳುಗಳು ಪರಸ್ಪರ ಕೆಣಕಿ, ಒತ್ತಾಯಿಸಿ ತಾವೇ ನಿಯಂತ್ರಿಸಿಕೊಳ್ಳುತ್ತವೆ. ಆದರೂ ಮೊಟ್ಟೆಯಿಡುವ ಏಕಸ್ವಾಮ್ಯ ಆಕೆಯದೇ. ಅದನ್ನು ಕಾಯುವುದು ಬಲವಲ್ಲ, ಗ್ರಂಥಿಯೊಂದರಿಂದ ಒಸರುವ ರಾಸಾಯನಿಕ ಸಂಕೇತ. ಸಂತಾನದ ಹಕ್ಕು ಮತ್ತು ದುಡಿಮೆಯ ಮೇಲ್ವಿಚಾರಣೆ ಬೇರೆ ಬೇರೆ ಎಂಬುದೇ ಈ ಅಧ್ಯಯನದ ನಿಜವಾದ ಗಳಿಕೆ. ಅದೇ ಕುಲದ 'ಸಯಾಥಿಫಾರ್ಮಿಸ್' ಪ್ರಭೇದದಲ್ಲಿ ರಾಣಿ ಜಗಳಗಂಟಿ ಎಂಬುದನ್ನು ನೆನೆದರೆ, ನಾಯಕತ್ವಕ್ಕೆ ಒಂದೇ ಸಹಜ ರೂಪವಿದೆ ಎನ್ನುವುದು ಕಷ್ಟ.

ಹಾಗಾದರೆ ಉಳಿದ ಹೆಣ್ಣುಗಳು ಏಕೆ ಒಪ್ಪಿವೆ? ಹ್ಯಾಮಿಲ್ಟನ್ 1964ರಲ್ಲಿ ಮಂಡಿಸಿದ ರಕ್ತಸಂಬಂಧದ ವಾದ ಇಲ್ಲಿ ಪೂರ್ತಿಯಾಗಿ ಸಾಲದು, ಏಕೆಂದರೆ ಗೂಡಿನೊಳಗಿನ ನಂಟು ಅಷ್ಟು ನಿಕಟವಲ್ಲ. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಮರಿಗಳೂ ಹೋದಂತೆ. ಕೂಡಿ ದುಡಿದವಳು ಸತ್ತರೆ ಉಳಿದವರು ಆಕೆಯ ಅರ್ಧ ಕೆಲಸವನ್ನು ಮುಗಿಸುತ್ತಾರೆ. ಗದಗ್‌ಕರ್ ಅವರ ಈ ವಿವರಣೆ ಗಣಿತದ ದಟ್ಟಣೆಯ ನಡುವೆಯೂ ಮನಸ್ಸಿಗೆ ನಾಟುತ್ತದೆ. ಇದರ ಜೊತೆಗೆ, ಜೇನಿನಲ್ಲಿರುವಂತಲ್ಲದೆ, ಇಲ್ಲಿ ಕೆಲಸಗಾರಳೂ ಮುಂದೆ ರಾಣಿಯಾಗಬಹುದು.

ನಮ್ಮ ತಕರಾರು ಇರುವುದು ಇಲ್ಲಿಯೇ. ರಾಣಿಯನ್ನು ತೆಗೆದಾಗ ಒಬ್ಬ ಕೆಲಸಗಾರಳು ಅರ್ಧ ಗಂಟೆಯೊಳಗೆ ಅತಿ ಆಕ್ರಮಣಶೀಲಳಾಗುತ್ತಾಳೆ. ಸುಮಾರು ವಾರದಲ್ಲಿ ತಣ್ಣಗಾಗಿ ಮೊಟ್ಟೆಯಿಡತೊಡಗುತ್ತಾಳೆ. ಆಕೆ ಯಾರೆಂದು ಮೊದಲೇ ನೋಡುಗರಿಗೆ ತಿಳಿಯದು. ಗೂಡಿನವರಿಗೆ ತಿಳಿದಿರುವಂತೆ ತೋರುತ್ತದೆ ಎಂದು 2008ರ ಸಂಶೋಧನೆ ಹೇಳಿತು. ಅಲ್ಲಿ 'ತಿಳಿದಿದೆ' ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗಿರಿಸಿದ ಎಚ್ಚರ ಮೆಚ್ಚತಕ್ಕದ್ದು. ಆದರೆ 'ಉತ್ತರಾಧಿಕಾರಿ' ಎಂಬ ಪದಕ್ಕೆ ಆ ಎಚ್ಚರ ದೊರಕಲಿಲ್ಲ. ರಾಣಿಯಿಂದ ಆಳ್ವಿಕೆಯನ್ನು ಕಿತ್ತುಕೊಂಡವರೇ ಅರಮನೆಯನ್ನು ಹಿಂಬಾಗಿಲಿನಿಂದ ಒಳತಂದಂತಾಯಿತು.

ಕನ್ನಡದಲ್ಲಿ 'ತಾಯಿಹುಳು' ಎನ್ನೋಣವೇ? ಹೊಸಬಳು ಪಟ್ಟಕ್ಕೆ ಬಂದ ಗೂಡಿನಲ್ಲಿ ಹಿಂದಿನವಳ ಮಕ್ಕಳೂ ಇರುತ್ತಾರೆ; ಅದೂ ಸಲ್ಲದು. (ನೋಡಿ, 'ಪಟ್ಟ' ಎಂದು ನಾವೂ ಬರೆದೆವು.) 'ಮುಂದಾಳು' ಎನ್ನಲು ಆಕೆ ಮುಂದೆ ನಡೆಯುವವಳಲ್ಲ. 'ಮೊಟ್ಟೆಯಿಡುವ ಹೆಣ್ಣು' ಎಂಬ ಸಪ್ಪೆ ಮಾತೇ ಸದ್ಯಕ್ಕೆ ಕ್ಷೇಮವೆಂದು ತೋರುತ್ತದೆ.