ದೋಣಿಯಿಲ್ಲದ ನೀರಿನ ಪ್ರವಾಸ

ಗುಡ್ಡ, ಗುಡ್ಡದ ಮೇಲೆ ನೀರು ಎಂದ ಕೂಡಲೇ ನಮ್ಮ ಪ್ರವಾಸದ ಪಟ್ಟಿಗಳಿಗೆ ಊಟಿ, ಕೊಡೈಕೆನಾಲ್ ಮೈಮೇಲೆ ಬರುತ್ತವೆ. ದೋಣಿ ವಿಹಾರ, ಕುದುರೆ ಸವಾರಿ, ಚಾಕೊಲೇಟ್ ಅಂಗಡಿ, ಸೂರ್ಯಾಸ್ತದ ಪಾಯಿಂಟು. ಗದಗ ಜಿಲ್ಲೆಯ ಗಜೇಂದ್ರಗಡವನ್ನೂ ಇದೇ ಅಚ್ಚಿಗೆ ಹೊಯ್ಯುವ ರೂಢಿ ಈಚೆಗೆ ಬೆಳೆದಿದೆ. ಕೋಟೆ ಹತ್ತಿ, ಗಾಳಿಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಿ, ಕಾಲಕಾಲೇಶ್ವರನಿಗೆ ಕೈಮುಗಿಯಿರಿ, ಮಧ್ಯಾಹ್ನದ ಊಟಕ್ಕೆ ಬಾದಾಮಿ ಸೇರಿಬಿಡಿ. ಈ ‘ಒಂದು ದಿನದ ಟೂರು’ ಎಂಬ ಪದ್ಧತಿಯನ್ನೇ ಒಂದು ಕೃತಿಯಂತೆ ಓದಿ ನೋಡಬೇಕು ಅನಿಸಿತು. ಅದರ ದೋಷ ಜಾಗಗಳ ಆಯ್ಕೆಯಲ್ಲಿಲ್ಲ, ನೋಡಿಸುವ ಕ್ರಮದಲ್ಲಿದೆ.

ಕೊಡೈಕೆನಾಲಿನ ಕೆರೆಯನ್ನು 1863ರಲ್ಲಿ ಲೆವಿಂಜ್ ಎಂಬ ಆಂಗ್ಲ ಅಧಿಕಾರಿ ಕಟ್ಟಿಸಿದ. ಊಟಿಯದು ಅದಕ್ಕೂ ಹಳೆಯದು, ಜಾನ್ ಸಲಿವನ್ ಕಾಲದ್ದು. ಬಿಸಿಲಿಗೆ ಬೆಂದ ಸಾಹೇಬರು ಮೇಲೆ ಹೋಗಿ ತಣ್ಣಗಾದ ಜಾಗಗಳವು, ಅಲ್ಲಿ ನೀರೆಂದರೆ ವಿಹಾರ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಗುಡ್ಡದ ಮೇಲೆ ನೀರು ಹಿಡಿದಿಟ್ಟಿದ್ದು ಬೇರೆಯದೇ ಕಾರಣಕ್ಕೆ. ಕೆಳಗೆ ವೈರಿ ದಂಡು ಬೀಡುಬಿಟ್ಟರೆ ಮೇಲಿದ್ದವರಿಗೆ ಬಾಯಾರಿ ಸಾಯುವ ಗತಿ ಬರಬಾರದು, ಅಷ್ಟೇ. ಗಜೇಂದ್ರಗಡದ ಕೋಟೆಯಲ್ಲಿ ಬಂಡೆ ಕಡಿದು ಮಾಡಿದ ಹೊಂಡಗಳ ದಂಡೆಗೆ ಕೂತರೆ ಇದು ತಾನಾಗಿ ತಿಳಿಯುತ್ತದೆ. ಬುರುಜಿಗಿಂತ ಹೊಂಡವೇ ಕೋಟೆಯ ಜೀವ. ಈ ಗಡಕ್ಕಾಗಿ ಮರಾಠರೂ ಟಿಪ್ಪುವೂ ಕಾದಾಡಿದರು. 1787ರಲ್ಲಿ ಅವರ ನಡುವೆ ಆದ ಒಪ್ಪಂದವನ್ನು ಇತಿಹಾಸ ಇಂದಿಗೂ ಈ ಊರಿನ ಹೆಸರಿನಿಂದಲೇ ಕರೆಯುತ್ತದೆ. ಪಟ್ಟಿ ಬರೆಯುವವರು ಮಾತ್ರ ನಮ್ಮನ್ನು ಬುರುಜಿನ ಅಂಚಿಗೆ ಓಡಿಸುತ್ತಾರೆ. ಹೊಂಡದ ಹತ್ತಿರ ಹೋದವರೂ ಹೆಚ್ಚಾಗಿ ಪ್ಲಾಸ್ಟಿಕ್ ಬಾಟಲಿ ಎಸೆದು ಬಂದವರೇ.

ಹತ್ತುವ ಹೊತ್ತಿನ ಬಗ್ಗೆಯೂ ಒಂದು ಮಾತು. ಬಸ್ಸಿನವರ ಲೆಕ್ಕದಲ್ಲಿ ಕೋಟೆಯ ಪಾಳಿ ಬರುವುದು ಹನ್ನೊಂದು ಗಂಟೆಗೆ. ಆ ಬಿಸಿಲಿನಲ್ಲಿ ಮರಳುಗಲ್ಲು ಹಂಚಿನಂತೆ ಕಾದಿರುತ್ತದೆ, ನೆರಳೆಂಬುದು ಹೆಸರಿಗಿಲ್ಲ. ಎದುರಿನ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಮಾತ್ರ ಆರಾಮವಾಗಿ ರೆಕ್ಕೆ ತಿರುಗಿಸುತ್ತಿರುತ್ತವೆ. ಅವು ಚೆಂದವೋ ಅಲ್ಲವೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಈ ಗುಡ್ಡದ ಗಾಳಿ ಎಂಥದು ಎಂದು ದೂರದಿಂದಲೇ ಹೇಳುವ ಕೆಲಸವನ್ನಂತೂ ಅವು ಚೊಕ್ಕವಾಗಿ ಮಾಡುತ್ತವೆ.

ಕಾಲಕಾಲೇಶ್ವರದ್ದು ಬೇರೆ ಬಗೆಯ ನೀರು. ಗುಡ್ಡದ ಓರೆಗೆ ಅಂಟಿಕೊಂಡಂತಿರುವ ಗುಡಿ, ಮೇಲೇರಲು ಮೆಟ್ಟಿಲು, ಅಂತರಗಂಗೆಯಲ್ಲಿ ಮರದ ಬೇರಿನ ಸಂದಿಯಿಂದ ಪುಷ್ಕರಣಿಗೆ ಬೀಳುವ ಸಣ್ಣ ಧಾರೆ. ಬೇಸಿಗೆಯಲ್ಲೂ ಅದು ಬತ್ತುವುದಿಲ್ಲ ಎಂಬುದು ಊರವರ ಹೆಮ್ಮೆ. ಮಳೆ ಹೀರಿದ ಕಲ್ಲುಗುಡ್ಡ ಬಿರುಕುಗಳಲ್ಲಿ ನೀರು ಕೂಡಿಟ್ಟು ನಿಧಾನಕ್ಕೆ ಬಿಟ್ಟುಕೊಡುವುದು ಭೂಮಿಯ ಮಾಮೂಲಿ ವ್ಯವಹಾರ. ಎರಿ ಹೊಲ ಬಾಯಿಬಿಟ್ಟು ಬಿರಿದ ತಿಂಗಳಲ್ಲಿ ಆ ಧಾರೆಗೆ ಬೊಗಸೆ ಒಡ್ಡಿದವನಿಗೆ ಅದನ್ನು ಮಾಮೂಲಿ ಎನ್ನುವ ಧೈರ್ಯ ಬರಲಿಕ್ಕಿಲ್ಲ. ಯುಗಾದಿಯ ಹೊತ್ತಿಗೆ ಇಲ್ಲಿ ಸುಣ್ಣ, ಸುರಮಂಜು ತಾನಾಗಿಯೇ ಬಳಿದುಕೊಳ್ಳುತ್ತವೆ ಎಂದು ಜನ ನಂಬುತ್ತಾರೆ. ಅದನ್ನು ನೋಡಿ ಆ ವರ್ಷದ ಮಳೆ-ಬೆಳೆ ಹೇಳುವ ರೂಢಿಯೂ ಇದೆ. ಇದನ್ನು ‘ಪವಾಡ’ ಎಂಬ ತಲೆಬರಹದಡಿ ಮುಗಿಸಿಬಿಡುವ ಪಟ್ಟಿಗಳು ಅದರ ಹಿಂದಿನ ಆತಂಕವನ್ನು ಕೇಳಿಸಿಕೊಂಡಿಲ್ಲ. ಮುಂಗಾರೋ ಹಿಂಗಾರೋ, ಯಾವುದು ಕೈ ಹಿಡಿದೀತು ಎಂದು ವರ್ಷ ವರ್ಷ ದೇವರನ್ನು ಕೇಳಬೇಕಾದ ಸೀಮೆ ಇದು.

ಟೂರಿನವರು ಬಹುತೇಕ ಬಿಟ್ಟೇಬಿಡುವುದು ಸೂಡಿಯನ್ನು. ಹೋದರೂ ಹತ್ತು ನಿಮಿಷ, ಜೋಡುಕಳಸದ ಗುಡಿಯ ಮುಂದೊಂದು ಗುಂಪುಫೋಟೊ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿ ಆಳಿದ ಕಿಸುಕಾಡು ನಾಡಿನ ಪಟ್ಟಣವಿದು. ಗುಡಿ ಕಟ್ಟಿಸಿದವನು ಮಹಾಸಾಮಂತ ನಾಗದೇವ, ಸುಮಾರು 1060ರಲ್ಲಿ. ಗುಡಿ ಸುಂದರವೇ. ಆದರೆ ಅದರಂಥ ಗುಡಿಗಳು ಗದಗ ಜಿಲ್ಲೆಯಲ್ಲಿ ಇನ್ನೂ ಸಿಗುತ್ತವೆ. ಇಲ್ಲಿನ ನಾಗಕುಂಡದಂಥ ಹೊಂಡ ಸುಲಭಕ್ಕೆ ಸಿಗುವುದಿಲ್ಲ.

ಗುಡಿಯ ಹೊರಗೋಡೆಯ ಮೇಲೆ ಏನೇನು ಇರುತ್ತದೋ, ಆ ಅರೆಗಂಬ, ಆ ಪುಟ್ಟ ಶಿಖರಗಳನ್ನೆಲ್ಲ ಶಿಲ್ಪಿ ಇಲ್ಲಿ ಹೊಂಡದ ಒಳಗೋಡೆಗೆ ತಂದಿದ್ದಾನೆ. ಅಂಗಿಯನ್ನು ಒಳಮಗ್ಗುಲಿಗೆ ತಿರುವಿದ ಹಾಗೆ. ಗುಡಿಯಾದರೆ ನಾವು ಅದರ ಸುತ್ತ ತಿರುಗಿ ನೋಡುತ್ತೇವೆ, ಇಲ್ಲಿ ಮೆಟ್ಟಿಲಿಳಿದು ನಿಂತರೆ ಗುಡಿಯೇ ನಮ್ಮನ್ನು ಸುತ್ತುವರಿಯುತ್ತದೆ. ಗರ್ಭಗುಡಿಯ ಜಾಗದಲ್ಲಿ ದೇವರಿಲ್ಲ, ನೀರಿದೆ. ಇದಕ್ಕಿಂತ ಗಟ್ಟಿಯಾಗಿ ಆ ಶಿಲ್ಪಿ ಏನು ಹೇಳಬೇಕಿತ್ತು? ನೀರು ತುಂಬಿದಾಗ ಪ್ರತಿಬಿಂಬದಲ್ಲಿ ಶಿಖರಗಳು ಎರಡಾಗುತ್ತವೆ, ಇಳಿದಾಗ ಒಂದೊಂದೇ ಸಾಲು ಕಲ್ಲು ಮೇಲೆ ಬರುತ್ತದೆ. ಅಂದರೆ ಕಟ್ಟಡ ಪೂರ್ತಿ ಕಾಣುವುದು ಬರದಲ್ಲಿ. ಒಳಗೊಳಗೇ ಹೆದರಿಸುವ ಚೆಲುವು ಅದು. ಹತ್ತು ನಿಮಿಷದಲ್ಲಿ ಇದು ದಕ್ಕುವ ಮಾತಲ್ಲ, ಕನಿಷ್ಠ ಬೆಳಗಿನ ಬುತ್ತಿ ಬಿಚ್ಚಿ ಉಂಡೇಳುವಷ್ಟು ಹೊತ್ತಾದರೂ ಬೇಕು.

ಕೊಳ್ಳುವ ವಿಷಯದಲ್ಲೂ ಪಟ್ಟಿಗಳು ಬಡವೇ. ಗಜೇಂದ್ರಗಡ ನೇಕಾರರ ಊರು. ಪಟ್ಟೆದಂಚಿನ ಸೀರೆ ಇಲ್ಲಿಯದು. ಚೌಕಳಿ ಒಡಲು, ಅಗಲ ಅಂಚು, ಒರಟು ಹತ್ತಿ. ಮಿಲ್ಲಿನ ಸೀರೆ ಬಂದ ಮೇಲೆ ಮೂಲೆಗೆ ಬಿದ್ದಿತ್ತು, ಈಚಿನ ವರ್ಷಗಳಲ್ಲಿ ಮಗ್ಗಕ್ಕೆ ಮರಳಿದೆ. ಊರು ನೋಡಲು ಬಂದವರು ಮಿರ್ಚಿ-ಮಂಡಕ್ಕಿ ತಿಂದು ಕೈ ಒರೆಸಿಕೊಂಡು ಹೋಗುತ್ತಾರೆ, ಮಗ್ಗದ ಸದ್ದಿನ ಓಣಿಗೆ ಕಾಲಿಡುವುದಿಲ್ಲ.

ರೋಣವನ್ನು ದ್ರೋಣಪುರ ಎನ್ನುತ್ತಾರೆ, ಹಳೆಯ ಗುಡಿಗಳಿವೆ, ಭೀಮಸೇನ ಜೋಶಿಯವರು ಹುಟ್ಟಿದ ಊರು. ಅವಸರದವರಿಗೆ ಇಷ್ಟು ಸಾಕು.

ನರಗುಂದದಲ್ಲಿ ಅವಸರ ಸಲ್ಲದು. ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡ, ಮೇಲೆ ಕೋಟೆ. 1858ರಲ್ಲಿ ಇಲ್ಲಿನ ಅರಸ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ, ಜೂನ್ ತಿಂಗಳಲ್ಲೇ ಭಾವೆಯನ್ನು ಬೆಳಗಾವಿಯಲ್ಲಿ ನೇಣಿಗೇರಿಸಿದರು. ಗೈಡುಗಳು ಈ ಕಥೆಯನ್ನು ಹುರುಪಿನಿಂದಲೇ ಹೇಳುತ್ತಾರೆ, ಹೇಳಲಿ. ಆದರೆ ‘ನರಗುಂದ ಬಂಡಾಯ’ ಎಂದರೆ ಇಲ್ಲಿನ ಜನಕ್ಕೆ ಇನ್ನೊಂದು ತಾರೀಖೂ ನೆನಪಿದೆ: 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು ಹೊಲ ಮುಟ್ಟುವ ಮುಂಚೆ ಕರ ಕೇಳುವ ನೋಟೀಸು ಮನೆ ಮುಟ್ಟಿತ್ತು. ರೈತರು ಎದ್ದರು, ಗೋಲಿಬಾರಾಯಿತು, ಹೆಣ ಬಿದ್ದವು. ರಾಜ್ಯದ ರೈತ ಚಳವಳಿಗೆ ಬೆಂಕಿ ಹತ್ತಿದ್ದು ಇಲ್ಲಿಂದಲೇ. 2015ರಲ್ಲಿ ಮಹದಾಯಿ ನದಿಯ ನೀರಿಗಾಗಿ ಧರಣಿ ಕೂತವರೂ ಇದೇ ಊರಿನಲ್ಲಿ ಕೂತರು.

ಪ್ರವಾಸದ ಪಟ್ಟಿ ಮೊದಲನೆಯ ಬಂಡಾಯವನ್ನು ‘ನೋಡಲೇಬೇಕಾದ’ ಸ್ಥಳವಾಗಿಸಿ ಎರಡನೆಯದನ್ನು ಸುದ್ದಿಪತ್ರಿಕೆಗೆ ಬಿಟ್ಟುಕೊಟ್ಟಿದೆ. ನನ್ನನ್ನು ಕೇಳಿದರೆ ಎರಡು ದಿನ ಇಟ್ಟುಕೊಳ್ಳಿ. ಸೂಡಿಗೆ ಮೊದಲ ದಿನದ ಬೆಳಗು, ಕಾಲಕಾಲೇಶ್ವರಕ್ಕೆ ಮಧ್ಯಾಹ್ನ, ಬಿಸಿಲು ಇಳಿದ ಮೇಲೆ ಗಡ. ಮರುದಿನ ನಸುಕಿನಲ್ಲೇ ನರಗುಂದದ ಗುಡ್ಡ ಹತ್ತಿ, ಕೋಟೆಗೆ ಬೆನ್ನು ಹಾಕಿ ನಿಂತು, ಕೆಳಗಿನ ಎರಿ ಬಯಲಿನಲ್ಲಿ ಕಾಲುವೆ ಎಲ್ಲಿಯವರೆಗೆ ಬಂದಿದೆ ಎಂದು ಹುಡುಕಿ.